ಸಟ್ಟುಗ ಯಾರ ಕೈಯಲ್ಲಿ?

ಧನುರ್ಮಾಸ ಬಂತೆಂದರೆ ನಮ್ಮ ಕಾಸರಗೋಡಿನಲ್ಲಿಯೂ ಬೆಳಗ್ಗಿನ ಹೊತ್ತು ತೋಟದ ಮೇಲೆ ಇಬ್ಬನಿ ಇಳಿಯುತ್ತದೆ. ಶಾಲೆಗಳಿಗೆ ಕ್ರಿಸ್ಮಸ್ ರಜೆ ಸಿಗುತ್ತದೆ. ಏನಾದರೂ ಬಿಸಿಬಿಸಿ ಸಿಹಿ ಆಗಲಿ ಎಂದು ನಮ್ಮಂಥವರ ನಾಲಗೆ ಕೇಳತೊಡಗುತ್ತದೆ. ಆ ಬೇಡಿಕೆ ಈಗೀಗ ಹೆಚ್ಚಾಗಿ ಕ್ಯಾರೆಟ್ ಹಲ್ವದ್ದು. "ಪೇಟೆಯದ್ದು ಬೇಡ, ಬಣ್ಣ ಹಾಕಿರುತ್ತಾರೆ, ಮನೆಯಲ್ಲೇ ಮಾಡಿದರಾಯಿತು" ಎಂದು ಅಪ್ಪಣೆ ಕೊಡಿಸಿ ನಾವು ಜಗಲಿಯಲ್ಲಿ ಪತ್ರಿಕೆ ಬಿಡಿಸಿ ಕುಳಿತುಕೊಳ್ಳುತ್ತೇವೆ. ಮಾಡುವವರು ಯಾರೆಂದು ಹೇಳುವ ಅಗತ್ಯವೇ ನಮಗೆ ಕಂಡಿಲ್ಲ.

ಈ ತಿಂಡಿ ಮೂಲತಃ ಉತ್ತರ ಭಾರತದ್ದು. ಪಂಜಾಬ, ದೆಹಲಿ ಕಡೆ ಚಳಿಗಾಲದಲ್ಲಿ ಬರುವ ಉದ್ದನೆಯ ಕೆಂಪು ಗಜ್ಜರಿಯಿಂದ ಮಾಡುವಂಥದು. ಆದುದರಿಂದಲೇ ಅಲ್ಲಿ ಅದು ಚಳಿಗಾಲದ ಸಿಹಿ. ನಮಗೆ ದೊರೆಯುವುದು ನೀಲಗಿರಿಯಂಥ ತಂಪು ಸೀಮೆಯಲ್ಲಿ ಬೆಳೆಯುವ ಕಿತ್ತಳೆ ಬಣ್ಣದ್ದು. ಹಲ್ವ ಕೆಂಪಗೇ ಇರಬೇಕೆಂಬ ಹಟ ಬಿಟ್ಟರೆ ಇದರಲ್ಲೂ ರುಚಿಗೆ ಕೊರತೆಯಿಲ್ಲ.

ಕಳೆದ ರಜೆಯಲ್ಲಿ ಮನೆಯಾಕೆಯ ಮಣಿಕಟ್ಟು ಉಳುಕಿತ್ತು. ಮಕ್ಕಳಿಗೆ ಮಾತು ಕೊಟ್ಟಾಗಿತ್ತು. ಹೀಗೆ ಸಟ್ಟುಗ ನಮ್ಮ ಕೈಗೆ ಬಂತು. 1 ಕಿಲೋ ಕ್ಯಾರೆಟ್ ತುರಿಯುವುದರೊಳಗೆ ಅರ್ಧ ಗಂಟೆ ಸಂದಿತು, ಬೆರಳ ತುದಿಯ ಚರ್ಮವೂ ತುಸು ಹೋಯಿತು. ದಪ್ಪ ತಳದ ಬಾಣಲೆಯಲ್ಲಿ ತುಪ್ಪ ಹಾಕಿ ಬಾಡಿಸಿ, 1 ಲೀಟರ್ ಹಾಲು ಹೊಯ್ದು, ಸಣ್ಣ ಉರಿಯಲ್ಲಿ ಮಗುಚುತ್ತ ನಿಂತೆವು. ನಡುವೆ ಯಾರದೋ ಫೋನು ಬಂತೆಂದು ಹೊರಗೆ ಹೋಗಿ ಬರುವಾಗ ತಳ ಹಿಡಿದಿತ್ತು. "ಕೆರೆಯಬೇಡಿ, ಮೇಲಿನದ್ದನ್ನು ಮಾತ್ರ ಬೇರೆ ಪಾತ್ರೆಗೆ ತೆಗೆಯಿರಿ" ಎಂದು ಬಾಗಿಲಲ್ಲಿ ನಿಂತಾಕೆ ಹೇಳಿದ್ದರಿಂದ ಮಾನ ಉಳಿಯಿತು. ಹಾಲು ಬತ್ತಲು ಒಂದು ಗಂಟೆಗೂ ಮಿಕ್ಕಿ ಬೇಕಾಯಿತು. ಸಕ್ಕರೆ ಹಾಕುವುದು ಹಾಲು ಪೂರ್ತಿ ಬತ್ತಿದ ಮೇಲೆಯೇ. ಹಾಕಿದೊಡನೆ ಅದು ಮತ್ತೆ ನೀರು ಬಿಡುತ್ತದೆ, ಮತ್ತೆ ಮಗುಚಬೇಕು. 200 ಗ್ರಾಂ ಸಾಕು. ಉಳಿದ ತುಪ್ಪ ಹಾಕಿ, ಬಾಣಲೆಯ ಬದಿ ಬಿಡುವ ಹದಕ್ಕೆ ಬಂದಾಗ ಏಲಕ್ಕಿ ಪುಡಿ, ಹುರಿದ ಗೋಡಂಬಿ. ಒಟ್ಟು ಎರಡು ಗಂಟೆಯ ಮೇಲಾಯಿತು. ತಿಂದು ಮುಗಿಸಲು ಹಿಡಿದದ್ದು ಹತ್ತು ನಿಮಿಷ. ಇಷ್ಟು ವರ್ಷ ನಾವು ಹೊಗಳಿದ್ದು ಹಲ್ವವನ್ನೇ ಹೊರತು ಮಗುಚಿದ ಕೈಯನ್ನಲ್ಲ ಎಂಬುದು ಆ ರಾತ್ರಿ ನಮ್ಮ ತೋಳು ನೋಯುವಾಗ ತಿಳಿಯಿತು.

ಇದು ಗಂಡಸರ ಕೆಲಸವೇ ಎಂದು ಕೇಳುವ ಮಹನೀಯರಿದ್ದಾರೆ. ನಮ್ಮ ಮದುವೆಮನೆಗಳ ಅಡಿಗೆಕೊಟ್ಟಿಗೆಯನ್ನು ಅವರು ಒಮ್ಮೆ ಇಣುಕಿ ನೋಡಲಿ. ಕಾಶಿ ಹಲ್ವಕ್ಕೆ ಕುಂಬಳಕಾಯಿ ತುರಿದು ಹಿಂಡುವವರೂ, ಉದ್ದ ಸಟ್ಟುಗ ಹಿಡಿದು ಬೆವರು ಸುರಿಸುವವರೂ ಹೆಚ್ಚಾಗಿ ಗಂಡಸರೇ. ನೂರಾರು ಮಂದಿಯ ಒಲೆಯ ಮುಂದೆ ಇಲ್ಲದ ನಾಚಿಕೆ ನಾಲ್ಕು ಮಂದಿಯ ಒಲೆಯ ಮುಂದೆ ಎಲ್ಲಿಂದ ಬರುತ್ತದೆ? ಉದ್ಯೋಗಕ್ಕೆ ಹೋಗುವವರಿಗೆ ಸಮಯವೆಲ್ಲಿ ಎಂಬ ಮಾತೂ ಉಂಟು. ಶಾಲೆಗೂ ಬ್ಯಾಂಕಿಗೂ ಹೋಗಿ ಬರುವ ಹೆಂಗಸರಿಗೆ ಆ ಸಮಯವನ್ನು ಕೊಟ್ಟವರು ಯಾರು?

ಪೇಟೆಯಿಂದ ತಂದು ತಿನ್ನುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಮನೆಯದ್ದೇ ಬೇಕೆನ್ನುವವನು ತುರಿಯಲೂ ಕುಳಿತುಕೊಳ್ಳಬೇಕು. ಗಂಡುಮಕ್ಕಳು ನೋಡಿ ಕಲಿಯುವುದು ನಮ್ಮ ಮಾತನ್ನಲ್ಲ, ನಾವು ಜಗಲಿಯಲ್ಲಿದ್ದೇವೋ ಒಲೆಯ ಬಳಿಯಲ್ಲಿದ್ದೇವೋ ಎಂಬುದನ್ನು. ರಜೆ ಬಂದಾಗ ತುರಿಯುವ ಕೆಲಸ ಮಗನಿಗಿರಲಿ, ಮಗುಚುವ ಕೆಲಸ ನಮಗಿರಲಿ. ಮನೆಯಾಕೆ ಆ ಹೊತ್ತು ಪತ್ರಿಕೆ ಓದಲಿ. ತಳ ಹಿಡಿಯುವ ವಾಸನೆ ಬಂದರೆ ಅವಳು ಹೇಗೂ ಕೂಗಿ ಹೇಳುತ್ತಾಳೆ.