ಮಗ್ರಿಬ್ ನಂತರದ ಒಂದು ಗಂಟೆ

ಕಳೆದ ಚಳಿಗಾಲದ ಒಂದು ಸಂಜೆ ಲಕ್ಷ್ಮೇಶ್ವರದ ನಮ್ಮ ಮಕ್ತಬಿನಲ್ಲಿ ಪಾಠ ನಡೆಯುತ್ತಿದ್ದಾಗ ಹತ್ತು ವರ್ಷದ ಹುಡುಗನೊಬ್ಬನ ಚೀಲದೊಳಗೆ ಮೊಬೈಲ್ ಸದ್ದು ಮಾಡಿತು. ಮಕ್ತಬಿಗೆ ಮೊಬೈಲ್ ತರಬಾರದೆಂಬ ನಿಯಮ ಮಾಡಿದವನು ನಾನೇ. ಫೋನನ್ನು ಕಸಿದುಕೊಂಡು, ನಾಲ್ಕು ಮಾತು ಗದರಿಸಿ ಕಪಾಟಿನಲ್ಲಿಟ್ಟೆ. ಅದು ಒಳಗೇ ಇನ್ನೆರಡು ಬಾರಿ ಸದ್ದು ಮಾಡಿ ಸುಮ್ಮನಾಯಿತು.

ಇಶಾ ನಮಾಝಿನ ಬಳಿಕ ಹುಡುಗನ ಸೋದರಮಾವ ಬಂದು ವಿಷಯ ತಿಳಿಸಿದರು. ಕರೆ ಮಾಡಿದ್ದು ಹುಡುಗನ ತಂದೆ. ಅವರು ಮೂಲತಃ ಶಿರಹಟ್ಟಿಯವರು, ಗದಗಿನ ಕಾಲೇಜಿನಲ್ಲಿ ನನ್ನ ಸಮಕಾಲೀನರು, ಈಗ ದುಬೈಯ ಶಾಲೆಯೊಂದರಲ್ಲಿ ಗಣಿತದ ಶಿಕ್ಷಕರು. ಅಂದು ಹುಡುಗನಿಗೆ ಶಾಲೆಯ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದು ಮಧ್ಯಾಹ್ನವೆಲ್ಲ ಅತ್ತಿದ್ದನಂತೆ. ವಿಷಯವೂ ಗಣಿತವೇ. ಅಪ್ಪ ಕರೆ ಮಾಡಬಹುದೆಂದು ತಾಯಿಯ ಫೋನನ್ನೇ ಚೀಲದಲ್ಲಿ ಅಡಗಿಸಿ ತಂದಿದ್ದ.

ಮರುದಿನ ಆ ಮಿತ್ರರಿಗೆ ಧ್ವನಿ ಸಂದೇಶ ಕಳಿಸಿ ಕ್ಷಮೆ ಕೇಳಿದೆ. ಉತ್ತರವಾಗಿ ಅವರು ತಮ್ಮ ಒಂದು ದಿನದ ಲೆಕ್ಕವನ್ನೇ ಒಪ್ಪಿಸಿದರು. ಬಾಡಿಗೆ ಕಡಿಮೆಯೆಂದು ಶಾರ್ಜಾದಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಒಂದೇ ಕೋಣೆಯಲ್ಲಿ ವಾಸ. ಫಜ್ರ್ ಮುಗಿದೊಡನೆ ಬಸ್ಸು ಹಿಡಿಯಬೇಕು. ಶಾರ್ಜಾ-ದುಬೈ ರಸ್ತೆಯ ವಾಹನದಟ್ಟಣೆ ತಡವಾಗಿ ಹೊರಟವನನ್ನು ಕ್ಷಮಿಸುವುದಿಲ್ಲ. ಆರು ಪೀರಿಯಡ್ ಪಾಠ, ರಜೆಯಲ್ಲಿರುವವರ ಪರವಾಗಿ ಇನ್ನೊಂದು, ನೋಟ್ ಪುಸ್ತಕಗಳ ರಾಶಿ, ಮಕ್ಕಳು ಬಸ್ಸು ಹತ್ತುವವರೆಗೆ ಕಾವಲು. ಕೋಣೆ ಸೇರುವಾಗ ಸಂಜೆ ಐದು. ಆರರಿಂದ ಒಂಬತ್ತರವರೆಗೆ ಮನೆಪಾಠ. ಅಲ್ಲಿನ ಸರಕಾರ 2023ರ ಡಿಸೆಂಬರಿನಲ್ಲಿ ಖಾಸಗಿ ಬೋಧನೆಗೆ ಪರವಾನಗಿ ಕೊಡಲಾರಂಭಿಸಿದ ಮೇಲೆ ಅದನ್ನು ಪಡೆದು ನಿರ್ಭಯವಾಗಿ ಕಲಿಸುತ್ತಾರೆ. ಆಮೇಲೆ ಅಡುಗೆಯ ಸರದಿ, ನಾಳೆಯ ಪಾಠಯೋಜನೆ.

ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಅವರ ಒಂಬತ್ತೆಂದರೆ ನಮ್ಮ ಹತ್ತೂವರೆ, ಮಗು ಮಲಗಿರುತ್ತದೆ. ಅವರು ಬೆಳಿಗ್ಗೆ ಬಸ್ಸಿನಲ್ಲಿರುವಾಗ ಇಲ್ಲಿ ಮಗು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿರುತ್ತದೆ. ಆ ದೇಶದಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅದಕ್ಕೆ ಬೋಟಿಮ್‌ನಂತಹ ಬೇರೆ ಆ್ಯಪ್ ಬೇಕು. ಉಳಿಯುವುದು ಅಲ್ಲಿಯ ಐದರಿಂದ ಆರು, ಇಲ್ಲಿಯ ಆರೂವರೆಯಿಂದ ಏಳೂವರೆ. ಅಂದರೆ ಮಗ್ರಿಬಿನಿಂದ ಇಶಾದವರೆಗಿನ ನಮ್ಮ ಮಕ್ತಬಿನ ಹೊತ್ತು! ಭಾನುವಾರ ಇಬ್ಬರಿಗೂ ರಜೆ, ನಿಜ. ಆದರೆ ಮಂಗಳವಾರ ಅತ್ತ ಮಗು ತನ್ನ ಅಳುವನ್ನು ಭಾನುವಾರದವರೆಗೆ ಕಾಯ್ದಿಡುವುದಿಲ್ಲ.

ಕುಟುಂಬವನ್ನು ಕರೆದೊಯ್ಯಬಾರದೇ ಎಂದು ಊರಿನವರು ಸುಲಭವಾಗಿ ಕೇಳುತ್ತಾರೆ. ನಾಲ್ಕು ಸಾವಿರ ದಿರ್ಹಮ್, ಅಥವಾ ವಸತಿಯೊಡನೆ ಮೂರು ಸಾವಿರ ಸಂಬಳವಿದ್ದರೆ ಅಲ್ಲಿಯ ಕಾಯಿದೆ ಒಪ್ಪುತ್ತದೆ. ಮನೆಯ ಬಾಡಿಗೆ ಮತ್ತು ಮಕ್ಕಳ ಶಾಲಾಶುಲ್ಕ ಒಪ್ಪುವುದಿಲ್ಲ. ಇನ್ನು ವಾರ್ಷಿಕ ರಜೆ: ಅಲ್ಲಿಯ ಶಾಲೆಗಳಿಗೆ ಬೇಸಿಗೆ ರಜೆ ಜುಲೈ-ಆಗಸ್ಟ್, ನಮ್ಮಲ್ಲಿ ಏಪ್ರಿಲ್-ಮೇ. ಶಿಕ್ಷಕ ತಂದೆ ಊರಿಗೆ ಬಂದಾಗ ಮಗ ಶಾಲೆಯಲ್ಲಿರುತ್ತಾನೆ.

ಭಟ್ಕಳ, ಮಂಗಳೂರಿನ ಮನೆಗಳಿಗೆ ಈ ಅಗಲಿಕೆ ತಲೆಮಾರುಗಳಿಂದ ಪರಿಚಿತ. ನಮ್ಮ ಗದಗ-ಬೆಟಗೇರಿ, ಮುಂಡರಗಿಯ ಕಡೆ ಅಪ್ಪ ಅಂಗಡಿಯಲ್ಲೋ ಮಗ್ಗದ ಮುಂದೋ ಗ್ಯಾರೇಜಿನಲ್ಲೋ ಇರುವುದೇ ವಾಡಿಕೆ. ಕೂಗಿದರೆ ಬರುವಷ್ಟು ಹತ್ತಿರ. ಆದ್ದರಿಂದಲೇ ವಿದೇಶದಲ್ಲಿರುವ ಒಬ್ಬರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ನಮ್ಮ ಜಮಾಅತುಗಳಿಗೆ ಇನ್ನೂ ತಿಳಿದಿಲ್ಲ. ಮಸೀದಿಯ ಛಾವಣಿ ಸೋರಿದರೆ ಮೊದಲ ಫೋನು ಅವರಿಗೆ ಹೋಗುತ್ತದೆ. ಅಂತಹ ಫೋನುಗಳನ್ನು ನಾನೂ ಮಾಡಿದ್ದೇನೆ. ನಿಮ್ಮ ದಿನ ಹೇಗೆ ಕಳೆಯುತ್ತದೆಂದು ಅವರನ್ನು ಕೇಳಲು ನನಗೆ ಒಂದು ತಪ್ಪು ಮಾಡಬೇಕಾಯಿತು.

ಮಾಲಿಕ್ ಬಿನ್ ಹುವೈರಿಸ್(ರ) ಅವರ ವರದಿಯನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ, ಹೆಚ್ಚಾಗಿ ನಮಾಝಿನ ಪಾಠದಲ್ಲಿ. ಅದು ಸಹೀಹ್ ಬುಖಾರಿಯಲ್ಲಿದೆ. ಕೆಲವು ಯುವಕರು ದೂರದಿಂದ ಬಂದು ಪ್ರವಾದಿವರ್ಯರ(ಸ) ಬಳಿ ಇಪ್ಪತ್ತು ರಾತ್ರಿ ತಂಗಿದ್ದರು. ಅವರಿಗೆ ಮನೆಯವರ ನೆನಪಾಗುತ್ತಿದೆಯೆಂದು ಪ್ರವಾದಿಯವರಿಗೆ(ಸ) ಅನಿಸಿತು. ಮನೆಯಲ್ಲಿ ಯಾರನ್ನು ಬಿಟ್ಟು ಬಂದಿರಿ ಎಂದು ವಿಚಾರಿಸಿದರು. ಮರಳಿ ಹೋಗಿ ಮನೆಯವರಿಗೆ ಕಲಿಸಿರೆಂದು ಬೀಳ್ಕೊಟ್ಟರು. ಅದಕ್ಕಿಂತ ಶ್ರೇಷ್ಠ ಪಾಠಶಾಲೆ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಆದರೂ ಶಿಷ್ಯರು ಬಾಯಿ ತೆರೆಯುವ ಮೊದಲೇ ಗುರುವು ಅವರ ಮನಸ್ಸನ್ನು ಗಮನಿಸಿದರು. ನಾನು ಮಾತ್ರ ಎರಡು ಸಲ ಸದ್ದು ಮಾಡಿದ ಫೋನನ್ನೂ ಗಮನಿಸಲಿಲ್ಲ.

ತಂದೆ ಹೊರದೇಶದಲ್ಲಿರುವ ಮಕ್ಕಳಿಗೆ ಮಕ್ತಬಿನ ಹೊತ್ತಿನಲ್ಲಿ ಇಪ್ಪತ್ತು ನಿಮಿಷದ ವಿನಾಯಿತಿ ಬೇಕೆಂದು ಕಮಿಟಿಯ ಮುಂದಿಟ್ಟೆ. ಶಿಸ್ತು ಕೆಡುತ್ತದೆಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಅದಕ್ಕೆ ಉತ್ತರ ಕೊಡಬಲ್ಲೆ. ಇನ್ನೊಬ್ಬರು ಕೇಳಿದ್ದಕ್ಕೆ ಉತ್ತರ ಕಷ್ಟವಾಯಿತು: ಅದೇ ತರಗತಿಯಲ್ಲಿ ತಂದೆಯನ್ನು ಕಳೆದುಕೊಂಡ ಇಬ್ಬರು ಮಕ್ಕಳಿದ್ದಾರಲ್ಲ, ಅವರೆದುರು ಇವರ ಫೋನು ಬರಬೇಕೇ? ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ಕೊನೆಗೆ, ವಾರಕ್ಕೆ ಮೂರು ದಿನ ಆ ಮಕ್ಕಳು ಮನೆಯಲ್ಲಿಯೇ ಮಾತು ಮುಗಿಸಿ ತಡವಾಗಿ ಬರಲಿ, ಕಾರಣವನ್ನು ತರಗತಿಯಲ್ಲಿ ಯಾರೂ ಕೇಳಬಾರದು ಎಂದು ತೀರ್ಮಾನವಾಯಿತು. ಒಂದು ಶರತ್ತನ್ನು ನಾನು ಸೇರಿಸಿದೆ: ಮಾತಿನ ಕೊನೆಗೆ ಮಗು ಅಂದಿನ ಸಬಕನ್ನು ತಂದೆಗೆ ಓದಿ ಒಪ್ಪಿಸಬೇಕು.

ಈಗ ಆ ಹುಡುಗ ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ತಂದೆಗೆ ತಜ್‌ವೀದ್ ಅಷ್ಟಾಗಿ ಬಾರದು, ಎಳೆತದ ತಪ್ಪುಗಳನ್ನು ಹಾಗೆಯೇ ಬಿಡುತ್ತಾರೆ. ಮರುದಿನ ನಾನು ತಿದ್ದುತ್ತೇನೆ. ಜುಲೈಯಲ್ಲಿ ಅವರು ಬರುತ್ತಾರೆ. ಆ ತಿಂಗಳು ಹುಡುಗ ಮಗ್ರಿಬಿನ ಬಳಿಕ ಮಕ್ತಬಿಗೆ ಬಾರದೆ ಅಪ್ಪನ ಜೊತೆಗಿದ್ದರೆ ಹಾಜರಿ ಪುಸ್ತಕದಲ್ಲಿ ಏನು ಬರೆಯಬೇಕೆಂಬ ಚರ್ಚೆ ಕಮಿಟಿಯಲ್ಲಿ ಇನ್ನೂ ಮುಗಿದಿಲ್ಲ.