ಋತುಬಂಧ: ಔಷಧಿ ಯಾರ ಹಿತಕ್ಕೆ?

ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಬೆಂಕಿಯಂತಾಗಿ ನಿದ್ದೆಗೆಟ್ಟ ಹೆಂಗಸಿಗೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಒಂದೇ: ‘ವಯಸ್ಸಾಯಿತು, ಸಹಿಸಿಕೋ.’ ಸಿಡುಕಿದರೆ ಹುಚ್ಚಿಯೆಂಬ ಬಿರುದು. ಯೋನಿ ಒಣಗಿ ನೋವಾಗುತ್ತದೆಂದು ಗಂಡನಿಗೆ ಒಲ್ಲೆನೆಂದರೆ ಬೈಗುಳ, ಏಟು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಲೈಂಗಿಕ ಹಿಂಸೆಯನ್ನೂ ಒಳಗೊಂಡಿದೆ. ಅದರ ರಕ್ಷಣೆಗೆ ವಯಸ್ಸಿನ ಮಿತಿಯಿಲ್ಲ.

ಔಷಧಿಯ ಚರಿತ್ರೆಯಲ್ಲೂ ಇದೇ ಪುರುಷ ದೃಷ್ಟಿ. 1966ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ವಿಲ್ಸನ್ ಋತುಬಂಧವನ್ನು ಕೊರತೆಯ ರೋಗವೆಂದು ಕರೆದು, ಈಸ್ಟ್ರೋಜೆನ್ ನುಂಗಿದರೆ ಹೆಣ್ತನ ಉಳಿಯುತ್ತದೆಂದು ಪುಸ್ತಕ ಬರೆದ. 2002ರಲ್ಲಿ ಅಲ್ಲಿಯೇ 16,608 ಮಹಿಳೆಯರ ಅಧ್ಯಯನವೊಂದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎರಡೂ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಮಂದಿಗೆ 8ರಂತೆ ಸ್ತನ ಕ್ಯಾನ್ಸರ್ ಹೆಚ್ಚಿತ್ತು. ಅವರ ಸರಾಸರಿ ವಯಸ್ಸು 63 ಎಂಬುದನ್ನು ಮರೆತ ಜನ, ಐವತ್ತರ ಹೆಂಗಸರನ್ನೂ ಹೆದರಿಸಿದರು.

ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ ಆರೋಗ್ಯವಂತರಿಗೆ ತೀವ್ರ ತೊಂದರೆಯಿದ್ದಲ್ಲಿ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ಇಂದು ವೈದ್ಯರು ಹೇಳುತ್ತಾರೆ. ಸ್ತನ ಕ್ಯಾನ್ಸರ್ ಬಂದವರಿಗೆ, ರಕ್ತ ಹೆಪ್ಪುಗಟ್ಟಿದವರಿಗೆ ಈ ಮಾತ್ರೆ ಸಲ್ಲದು. ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡಬಾರದು. ಗರ್ಭಕೋಶದ ಕ್ಯಾನ್ಸರಿನ ಭಯವಿದೆ. ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ತೆಗೆಸಿಕೊಂಡವರಿಗಂತೂ ಮೂಳೆ, ಹೃದಯಗಳ ರಕ್ಷಣೆಗೆ ಈ ಚಿಕಿತ್ಸೆ ಬೇಕಾಗಬಹುದು.

ಇದನ್ನೆಲ್ಲ ವೈದ್ಯರು ಜೊತೆಗೆ ಬಂದ ಗಂಡನಿಗಲ್ಲ, ಅವಳಿಗೇ ತಿಳಿಸಿ ಹೇಳಬೇಕು. ಚಿಕಿತ್ಸೆ ಅವಳ ನೆಮ್ಮದಿಗಾಗಿ, ಗಂಡನ ಹಾಸಿಗೆಗಾಗಿ ಅಲ್ಲ. ಬೇಕು ಎನ್ನುವ ಹಕ್ಕೂ ಬೇಡ ಎನ್ನುವ ಹಕ್ಕೂ ಅವಳದೇ.