ಬಸವನಹುಳುವಿನ ಹಿಟ್ಟು: ಕೂಲಿ ತೂಕಕ್ಕಲ್ಲ, ದಿನಕ್ಕೆ

ಬಟವಾಡಿಯ ಮಂಡಿಯಲ್ಲಿ ಹಿಂಡಿ, ತೌಡಿನ ಧಾರಣೆ ಏರಿದಾಗ ಕೆರೆಯ ಮೀನುಗಾರನ ಎದೆಯೂ ಝಲ್ಲೆನ್ನುತ್ತದೆ. ಕಾಟ್ಲಾ, ರೋಹು ಸಾಕುವವರು ಕಡಲೆಕಾಯಿ ಹಿಂಡಿಯನ್ನೂ ಅಕ್ಕಿ ತೌಡನ್ನೂ ನಂಬಿದವರು. ಮೀನಿನ ಮರಿಗಳಿಗೆ ಸಸಾರಜನಕ ಇನ್ನೂ ಹೆಚ್ಚು ಬೇಕು. ಅದಕ್ಕೆಂದು ಕೊಳ್ಳುವ ಮೀನುಪುಡಿ ಕರಾವಳಿಯ ಕಾರ್ಖಾನೆಗಳಿಂದ ಬರುತ್ತದೆ. ಕಡಲಿನಲ್ಲಿ ಬೂತಾಯಿ ಸಿಕ್ಕದ ವರ್ಷ ತುಟ್ಟಿಯಾಗುತ್ತದೆ. ಇಂಥ ಹೊತ್ತಿನಲ್ಲಿ, ತೋಟ ತಿನ್ನುವ ಆಫ್ರಿಕದ ಬಸವನಹುಳುವನ್ನೇ ಒಣಗಿಸಿ ಮೀನಿನ ಮೇವಿಗೆ ಬೆರೆಸಬಹುದೆಂಬ ಸಲಹೆಯನ್ನು ನಕ್ಕು ತಳ್ಳಿಬಿಡುವುದು ಸರಿಯಲ್ಲ.

ಈ ಹುಳು ನಮ್ಮ ನೆಲದ್ದಲ್ಲ. 1847ರಲ್ಲಿ ಬೆನ್ಸನ್ ಎಂಬ ಸಾಹೇಬ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ. ತಂದವನ ಹವ್ಯಾಸ ಅವನೊಡನೆ ಮುಗಿಯಿತು. ಅನುಭವಿಸುವ ಪಾಳಿ ರೈತನದಾಯಿತು. ಕೊಡಗಿನ ಶನಿವಾರಸಂತೆಯ ಕಾಫಿತೋಟದವರನ್ನೂ ಬೆಂಗಳೂರಿನ ಸುತ್ತಲ ತರಕಾರಿ ಬೆಳೆಗಾರರನ್ನೂ ಇದು ಕಾಡಿದೆ. ಈ ಹುಳುಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಒಂದೊಂದೂ ಒಂದು ಸಲಕ್ಕೆ 100ಕ್ಕೂ ಮಿಕ್ಕಿ ಮೊಟ್ಟೆಯಿಡಬಲ್ಲದು. ಸಸಿಯ ಮಣ್ಣಿನಲ್ಲಿ, ಗೊಬ್ಬರದ ಮೂಟೆಯಲ್ಲಿ ಊರಿಂದೂರಿಗೆ ಹೋಗುತ್ತದೆ. ನಾನಾ ಕಡೆಯ ಲಾರಿ ನಿಲ್ಲುವ ನಮ್ಮ ಊರಿನವರು ಇದನ್ನು ಪರರ ಪಾಡೆಂದು ಕೂಡುವಂತಿಲ್ಲ.

ಬಳಕೆಯಲ್ಲಿರುವ ಮದ್ದು ವಿಷ. ತೌಡು ಬೆಲ್ಲಕ್ಕೆ ಬೆರೆಸಿಯೋ ಗುಳಿಗೆಯಾಗಿಯೋ ಚೆಲ್ಲುತ್ತಾರೆ. ಅದನ್ನು ನಾಯಿ ತಿಂದರೂ ಸಾಯುತ್ತದೆ, ದನ ತಿಂದರೂ ಸಾಯುತ್ತದೆ. ವಿಷ ತಿಂದ ಹುಳು ಮೇವಿಗಂತೂ ಬಾರದು. ಕೈಯಿಂದಲೇ ಆರಿಸಬೇಕು. ಒದ್ದೆ ಗೋಣಿಚೀಲದ ಅಡಿಯಲ್ಲಿ ಪರಂಗಿ ಎಲೆ, ಕೋಸಿನ ಎಲೆ ಇಟ್ಟರೆ ರಾತ್ರಿ ಅಲ್ಲಿ ಕೂಡುತ್ತವೆ. ಬೆಳಗಾಗುವ ಮುನ್ನ ಹೆಕ್ಕಬಹುದು. ಆಮೇಲೆ ಕುದಿಸಿ, ಚಿಪ್ಪು ಬಿಡಿಸಿ, ಲೋಳೆ ತೊಳೆದು, ಒಣಗಿಸಿ ಬೀಸುವುದು. ಮಾಂಸದಲ್ಲಿ ನೀರೇ ಹೆಚ್ಚು. ನಾಲ್ಕೈದು ಕಿಲೋ ಹಸಿ ಮಾಂಸ ಒಣಗಿದರೆ ಒಂದು ಕಿಲೋ ಉಳಿದೀತು. ಆ ಹಿಟ್ಟಿನಲ್ಲಿ ಅರ್ಧದಷ್ಟು ಸಸಾರಜನಕ. ಮೀನುಪುಡಿಗೆ ಪೂರ್ತಿ ಬದಲಿಯಲ್ಲ, ಒಂದು ಪಾಲಿಗೆ ಸಾಕು. ಚಿಪ್ಪಿನ ಸುಣ್ಣ ಕೋಳಿ ಮೇವಿಗೆ ಆದೀತು.

ಹಾಗಾದರೆ ಆರಿಸುವವರು ಯಾರು? ದಲ್ಲಾಳಿ ಬಂದು ಕಿಲೋಗೆ ಇಷ್ಟು ಕಾಸೆಂದು ಕೂಗಿದರೆ, ಹೆಂಗಸರೂ ಮಕ್ಕಳೂ ಬರಿಗೈಯಲ್ಲಿ ತೋಟಕ್ಕಿಳಿಯುತ್ತಾರೆ. ಇಲಿಯ ಶ್ವಾಸಕೋಶದ ಒಂದು ಜಂತುವಿನ ಮರಿಗಳು ಈ ಹುಳುವಿನೊಳಗಿರಬಹುದು. ಹುಳು ಮುಟ್ಟಿದ ಕೈ ತೊಳೆಯದೆ ಬಾಯಿಗಿಟ್ಟು ಅವು ಒಳಸೇರಿದರೆ ಮೆದುಳಿನ ಪೊರೆ ಊದಿಕೊಳ್ಳುವ ಕಾಯಿಲೆ ಬರುತ್ತದೆ. ಆದ್ದರಿಂದಲೇ ಮೊದಲು ಕುದಿಸುವುದು, ಬಿಸಿಲಿಗಿಡುವುದು ಆಮೇಲೆ.

ತೂಕದ ಕೂಲಿಯಲ್ಲಿ ಇನ್ನೊಂದು ಕೇಡೂ ಇದೆ. ಸಾವಿರದ ಲೆಕ್ಕದ ಕೂಲಿ ಎಂಥದೆಂದು ಬೀಡಿ ಕಟ್ಟುವ ತಾಯಂದಿರನ್ನು ಕೇಳಿದರೆ ತಿಳಿಯುತ್ತದೆ: ಕೈ ನಿಂತರೆ ಅನ್ನ ನಿಂತಿತು. ಇಲ್ಲಿ ಅದಕ್ಕೂ ಮೀರಿದ್ದು ಉಂಟು. ಹುಳು ತೀರುತ್ತ ಬಂದಂತೆ ಆರಿಸುವವಳ ಕೂಲಿಯೂ ತೀರುತ್ತದೆ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ದಂಡ! ಇತ್ತ ಹುಳುವಿಗೆ ಬೆಲೆ ಬಂದಿತೆಂದು ಸಾಕುವ ಜಾಣನೂ ಹುಟ್ಟಿಯಾನು. ಪೀಡೆಯೇ ಬಂಡವಾಳವಾದರೆ ಪೀಡೆ ತೊಲಗುವುದೆಂತು?

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಕೂಲಿಯನ್ನು ಹುಳುವಿನ ತೂಕಕ್ಕೆ ಕೊಡಬಾರದು, ತೋಟ ಶುದ್ಧಿ ಮಾಡಿದ ದಿನಕ್ಕೆ ಕೊಡಬೇಕು. ಅದು ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗೆ ಕಡಿಮೆಯಿರಕೂಡದು. ಕೈಗವಸು, ಸಾಬೂನು ಕೊಡತಕ್ಕದ್ದು, ಮಕ್ಕಳನ್ನು ಇಳಿಸತಕ್ಕದ್ದಲ್ಲ. ಖರ್ಚನ್ನು ತೋಟದ ಒಡೆಯರೂ ಪಂಚಾಯತಿಯೂ ಹೊರಲಿ. ಕುದಿಸುವ ಹಂಡೆ, ಬೀಸುವ ಯಂತ್ರ ಮೀನುಗಾರರ ಸಹಕಾರ ಸಂಘದ ಕೈಯಲ್ಲಿರಲಿ. ಹಿಟ್ಟು ಮಾರಿ ಬಂದ ಹಣ ಆ ಖರ್ಚಿಗೆ ಸೇರಲಿ.

ಗಿರಣಿಯ ಬಂಧುಗಳಿಗೆ, ಸಣ್ಣ ಅಂಗಡಿಯವರಿಗೆ ಇದರಿಂದೇನು ಎನ್ನಬೇಡಿ. ಮೇವು ಸೋವಿಯಾದರೆ ಸಂತೆಯ ಮೀನೂ ಸೋವಿಯಾದೀತು. ಕೂಲಿ ನ್ಯಾಯವಾದರೆ ಆ ದುಡ್ಡು ನಿಮ್ಮ ಅಂಗಡಿಗೇ ಬಂದೀತು. ಹುಳು ಇಲ್ಲದ ತೋಟವೇ ಈ ಕೆಲಸದ ಗುರಿ. ಹಿಟ್ಟು ದಾರಿಯಲ್ಲಿ ಸಿಕ್ಕ ಲಾಭ. ಈ ಲೆಕ್ಕ ತಿರುವುಮುರುವಾಗದಂತೆ ನೋಡಿಕೊಳ್ಳುವುದು ನಮ್ಮ ನಿಮ್ಮೆಲ್ಲರ ಹೊಣೆ.